ಕರ್ನಲ್ ಅಪ್‌ಡೇಟ್ ಆದ ಮೇಲೆ ವೈಫೈ ಇಲ್ಲ: ಬಿಸಿಎಂ43142 ವೈಫೈ ಚಿಪ್, ಡೆಬಿಯನ್ 12 ಲಿನಕ್ಸ್

ಪ್ರಶ್ನೆ:
ನಮಸ್ಕಾರ. ಹೊಸ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬಂದು ರೀಬೂಟ್ ಆದಾಗಿನಿಂದ ವೈಫೈ ಪಟ್ಟಿಯೇ ಕಾಣುತ್ತಿಲ್ಲ. ಅದೇ ದಿನ ಬಯಾಸ್ ಕೂಡ ಅಪ್‌ಡೇಟ್ ಆಗಿದೆ. ಯಂತ್ರದಲ್ಲಿರುವ ಕಾರ್ಡ್‌ಗಳ ಪಟ್ಟಿ ನೋಡಲು ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಟ್ಟರೆ ಬ್ರಾಡ್‌ಕಾಮ್ ಬಿಸಿಎಂ43142, 14ಇ4:4365 ಎಂದು ಬರುತ್ತದೆ. ‘ಕರ್ನಲ್ ಡ್ರೈವರ್ ಇನ್ ಯೂಸ್’ ಸಾಲು ಮಾತ್ರ ಇಲ್ಲ. ಡ್ರೈವರ್ ಮಾಡ್ಯೂಲ್ ಲೋಡ್ ಮಾಡಲು ‘ಸುಡೊ ಮಾಡ್‌ಪ್ರೋಬ್ ಡಬ್ಲ್ಯೂಎಲ್’ ಕೊಟ್ಟರೆ ‘ಮಾಡ್ಯೂಲ್ ನಾಟ್ ಫೌಂಡ್’. ಲ್ಯಾನ್ ಪೋರ್ಟ್ ಇಲ್ಲ. ನೆಟ್‌ವರ್ಕ್ ಮ್ಯಾನೇಜರ್ ಮತ್ತೆ ಹಾಕಬೇಕೆ?

ಉತ್ತರ 1:
ಬೇಡ, ನೆಟ್‌ವರ್ಕ್ ಮ್ಯಾನೇಜರ್ ಮುಟ್ಟಬೇಡಿ. ಕಾರ್ಡ್ ಪಟ್ಟಿಯಲ್ಲಿ ಬರುತ್ತಿದೆ ಎಂದರೆ ಅದು ಕೆಟ್ಟಿಲ್ಲ, ಅದಕ್ಕೆ ಡ್ರೈವರ್ ಸಿಕ್ಕಿಲ್ಲ ಅಷ್ಟೇ.

ಈ ಚಿಪ್‌ಗೆ ಬೇಕಾದ ಡಬ್ಲ್ಯೂಎಲ್ ಮಾಡ್ಯೂಲ್ ಕರ್ನಲ್ ಜೊತೆ ಬರುವುದಿಲ್ಲ. ಪ್ರತಿ ಹೊಸ ಕರ್ನಲ್‌ಗೂ ಡಿಕೆಎಂಎಸ್ ಎಂಬ ಸಾಧನ ಅದನ್ನು ಹೊಸದಾಗಿ ಕಂಪೈಲ್ ಮಾಡಬೇಕು, ಅದಕ್ಕೆ ಆ ಕರ್ನಲ್‌ನ ಹೆಡರ್ ಫೈಲುಗಳು (ಕಂಪೈಲ್‌ಗೆ ಬೇಕಾದ ವಿವರಗಳಿರುವ ಫೈಲುಗಳು) ಇರಲೇಬೇಕು. ಆವೃತ್ತಿ ಸಂಖ್ಯೆ ಇರುವ ಹೆಡರ್ ಪ್ಯಾಕೇಜ್ ಮಾತ್ರ ಹಾಕಿಕೊಂಡಿದ್ದರೆ ಮುಂದಿನ ಕರ್ನಲ್‌ಗೆ ಹೆಡರ್ ತಾನಾಗಿ ಬರುವುದಿಲ್ಲ. ಬಹಳ ಮಂದಿ ಎಡವುವುದು ಇಲ್ಲೇ.

ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಸದ್ಯಕ್ಕೆ ಇಂಟರ್ನೆಟ್ ಸಿಗುತ್ತದೆ. ಆಮೇಲೆ ಪ್ಯಾಕೇಜ್‌ಗಳು ಎಲ್ಲಿಂದ ಬರಬೇಕೆಂದು ಹೇಳುವ ಸೋರ್ಸಸ್ ಪಟ್ಟಿಯಲ್ಲಿ ‘ನಾನ್-ಫ್ರೀ’ ಇದೆಯೇ ನೋಡಿ. ಡೆಬಿಯನ್ 12ರಲ್ಲಿ ‘ನಾನ್-ಫ್ರೀ-ಫರ್ಮ್‌ವೇರ್’ ಬೇರೆ ವಿಭಾಗ; ಅದೊಂದೇ ಇದ್ದರೆ ಡ್ರೈವರ್ ಪ್ಯಾಕೇಜ್ ‘ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್’ ಸಿಗದು. ನಂತರ:

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಇನ್‌ಸ್ಟಾಲ್ ಲಿನಕ್ಸ್-ಹೆಡರ್ಸ್-ಎಎಂಡಿ64 ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್
ಸುಡೊ ಡಿಕೆಎಂಎಸ್ ಆಟೋಇನ್‌ಸ್ಟಾಲ್

‘ಲಿನಕ್ಸ್-ಹೆಡರ್ಸ್-ಎಎಂಡಿ64’ ಮೆಟಾಪ್ಯಾಕೇಜ್, ಕರ್ನಲ್ ಬದಲಾದಂತೆ ಹೆಡರ್ ಕೂಡ ಬದಲಾಗುತ್ತದೆ. ‘ಡಿಕೆಎಂಎಸ್ ಸ್ಟೇಟಸ್’ ತೋರಿಸುವ ಕರ್ನಲ್ ಸಂಖ್ಯೆಯೂ ಈಗ ಓಡುತ್ತಿರುವ ಕರ್ನಲ್ ತೋರಿಸುವ ‘ಯುನೇಮ್ -ಆರ್’ ಸಂಖ್ಯೆಯೂ ಅಕ್ಷರಶಃ ಒಂದೇ ಆಗಿರಬೇಕು, ಕೊನೆಯಲ್ಲಿ ‘ಇನ್‌ಸ್ಟಾಲ್ಡ್’ ಎಂದಿರಬೇಕು. ಕಂಪೈಲ್ ನಿಂತರೆ ‘ಮೇಕ್.ಲಾಗ್’ ಫೈಲಿನಲ್ಲಿ ಮೊದಲು ಬಂದ ಎರರ್ ಇಲ್ಲಿ ಹಾಕಿ. ಕೊನೆಯ ಸಾಲಿನಿಂದ ಏನೂ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರು:
ಹೆಡರ್ ಇರಲಿಲ್ಲ, ಈಗ ಹಾಕಿದೆ. ಸಂಖ್ಯೆ ಎರಡೂ ಕಡೆ ಒಂದೇ, ‘ಇನ್‌ಸ್ಟಾಲ್ಡ್’ ಎಂದೂ ಬಂತು. ಆದರೆ ಮಾಡ್‌ಪ್ರೋಬ್ ಈಗ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎನ್ನುತ್ತಿದೆ.

ಉತ್ತರ 2:
ಇದು ಸೆಕ್ಯೂರ್ ಬೂಟ್, ಅಂದರೆ ನಂಬಿಕೆಯ ಸಹಿ ಇಲ್ಲದ ಮಾಡ್ಯೂಲ್‌ಗಳನ್ನು ತಡೆಯುವ ವ್ಯವಸ್ಥೆ. ಬಯಾಸ್ ಅಪ್‌ಡೇಟ್ ಆದಾಗ ಸೆಟ್ಟಿಂಗ್ ಕಾರ್ಖಾನೆಯ ಮೂಲ ಸ್ಥಿತಿಗೆ ಮರಳಿ ಅದು ಆನ್ ಆಗಿರಬಹುದು. ‘ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ ಕೊಟ್ಟು ಖಚಿತಪಡಿಸಿಕೊಳ್ಳಿ. ಡೆಬಿಯನ್ 12ರ ಡಿಕೆಎಂಎಸ್ ತಾನೇ ಒಂದು ಸಹಿ ಕೀ (ಮೋಕ್, ಅಂದರೆ ಯಂತ್ರದ ಮಾಲೀಕರು ಸೇರಿಸುವ ಕೀ) ಮಾಡಿಕೊಂಡು ಮಾಡ್ಯೂಲ್‌ಗೆ ಸಹಿ ಹಾಕುತ್ತದೆ, ಆದರೆ ಆ ಕೀಯನ್ನು ನಿಮ್ಮ ಯಂತ್ರ ಇನ್ನೂ ನಂಬುತ್ತಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡುವುದಕ್ಕಿಂತ ಕೀ ಸೇರಿಸುವುದು ಒಳ್ಳೆಯದು:

ಸುಡೊ ಮೋಕ್‌ಯುಟಿಲ್ --ಇಂಪೋರ್ಟ್ /ವಾರ್/ಲಿಬ್/ಡಿಕೆಎಂಎಸ್/ಮೋಕ್.ಪಬ್

ಒಂದು ತಾತ್ಕಾಲಿಕ ಪಾಸ್‌ವರ್ಡ್ ಕೇಳುತ್ತದೆ. ಮುಂದಿನ ಪರದೆಯಲ್ಲಿ ಕೀಬೋರ್ಡ್ ಅಮೆರಿಕನ್ ವಿನ್ಯಾಸದಲ್ಲಿರುವುದರಿಂದ ವಿಶೇಷ ಚಿಹ್ನೆಗಳು ಬೇಡ. ರೀಬೂಟ್ ಮಾಡಿದಾಗ ನೀಲಿ ಪರದೆ ಬಂದು ಕೆಲವೇ ಸೆಕೆಂಡು ಕಾಯುತ್ತದೆ, ಅಷ್ಟರಲ್ಲಿ ಯಾವುದಾದರೂ ಕೀ ಒತ್ತಿ. ತಪ್ಪಿಹೋದರೆ ಇಂಪೋರ್ಟ್ ಮತ್ತೆ ಮಾಡಬೇಕು. ‘ಎನ್‌ರೋಲ್ ಮೋಕ್’, ‘ಕಂಟಿನ್ಯೂ’, ‘ಯೆಸ್’ ಆರಿಸಿ, ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಿ.

ಪ್ರಶ್ನೆ ಕೇಳಿದವರು:
ವೈಫೈ ಬಂತು, ತುಂಬಾ ಧನ್ಯವಾದ. ರೌಟರ್‌ನ 5 ಗಿಗಾಹರ್ಟ್ಸ್ ಹೆಸರು ಮಾತ್ರ ಪಟ್ಟಿಯಲ್ಲಿಲ್ಲ.

ಉತ್ತರ 2:
ಅದಕ್ಕೆ ಡ್ರೈವರ್ ಹುಡುಕಬೇಡಿ. ಬಿಸಿಎಂ43142 ಬರೀ 2.4 ಗಿಗಾಹರ್ಟ್ಸ್ ಚಿಪ್.