ಸಮಸ್ಯೆ: ತಬ್ಬಿದನು ವೈರಿಯನು ನಲುಮೆಯಿಂದ

ನಿರ್ವಾಹಕಿ:
ಈ ವಾರದ ಸಮಸ್ಯೆ ಇಗೋ:

ತಬ್ಬಿದನು ವೈರಿಯನು ನಲುಮೆಯಿಂದ

ಇದು ನಾಲ್ಕನೇ ಸಾಲು. ಮೇಲಿನ ಮೂರು ನಿಮ್ಮವು. ಐದೈದು ಮಾತ್ರೆಯ ಗಣಗಳು. ಒಂದು ಮತ್ತು ಮೂರನೇ ಸಾಲಿಗೆ ನಾಲ್ಕು ಗಣ. ಎರಡು ಮತ್ತು ನಾಲ್ಕಕ್ಕೆ ಮೂರು ಗಣ, ಆಮೇಲೊಂದು ಅಕ್ಷರ. ಕಗ್ಗ ಓದಿದವರಿಗೆ ಈ ನಡೆ ಗೊತ್ತೇ ಇರುತ್ತದೆ. ಆದಿಪ್ರಾಸ ‘ಬ್ಬ’, ತಪ್ಪಿಸುವ ಹಾಗಿಲ್ಲ. ಕಾವ್ಯ, ರಂಗ, ಸಿನಿಮಾ, ಸಂಗೀತ, ವಸ್ತು ಎಲ್ಲಿಂದಲಾದರೂ ತನ್ನಿ. ಬುದ್ಧ, ಗಾಂಧಿ ಮಾತ್ರ ಬೇಡ. ಅವರು ವೈರಿಯನ್ನು ತಬ್ಬಿದರೆ ಅದರಲ್ಲಿ ಸಮಸ್ಯೆ ಏನಿದೆ?

ಮಾತ್ರೆಲೆಕ್ಕ:
ಎಲ್ಲರ ತಲೆಗೂ ಮೊದಲು ಬರುವುದು ಇದೇ, ಭೀಮನೆಂದು ಕಬ್ಬಿಣದ ಬೊಂಬೆಯನ್ನು ತಬ್ಬಿದ ಧೃತರಾಷ್ಟ್ರ. ಬೇರೆಯವರು ಹಾಕುವ ಮೊದಲು ನಾನೇ ಹಾಕಿಬಿಡುತ್ತೇನೆ.

ಹೆಬ್ಬಯಕೆ ಮಗನ ಕೊಂದವನೆಲುಬ ಮುರಿವುದಕೆ
ಮಬ್ಬುಗಣ್ಣರಸ ಕೈ ಚಾಚಿ ನಿಂದ
ಕಬ್ಬಿಣದ ಭೀಮನನು ಕೃಷ್ಣ ತಳ್ಳಲು ಮುಂದೆ
ತಬ್ಬಿದನು ವೈರಿಯನು ನಲುಮೆಯಿಂದ

ನಿರ್ವಾಹಕಿ:
‘ಕಬ್ಬಿಣ’ ಪ್ರಾಸಕ್ಕೇ ಹುಟ್ಟಿದ ಹಾಗೆ ಕೂತಿದೆ. ಆದರೆ ಇಲ್ಲಿ ವೈರಿಯೂ ನಕಲಿ, ನಲುಮೆಯೂ ನಕಲಿ. ಕಪಟ ಎಂದುಬಿಟ್ಟರೆ ಸಮಸ್ಯೆ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಹಗೆಯೂ ನಿಜವಾಗಿರಬೇಕು, ಪ್ರೀತಿಯೂ ನಿಜವಾಗಿರಬೇಕು. ಅಂಥದ್ದು ಯಾರಾದರೂ ಬರೀತೀರಾ?

ಹಳಗನ್ನಡದ ಹುಚ್ಚ:
ಒಂದು ಮಾತು. ಈ ಅಪ್ಪುಗೆಯ ಮೂಲ ವ್ಯಾಸಭಾರತದ ಸ್ತ್ರೀಪರ್ವ.

ಚೌಕಿಮನೆ:
ನಮ್ಮ ಕಡೆ ಯಕ್ಷಗಾನದ ಆಟ ನೋಡಿದವರಿಗೆ, ದ್ರೌಪದಿಯೆಂದು ಭೀಮನನ್ನು ತಬ್ಬಿದ ಕೀಚಕ ಬಿಟ್ಟರೆ ಇನ್ಯಾರು ನೆನಪಾಗಬೇಕು ಮಾರಾಯ್ರೆ?

ಮಬ್ಬಿನಲಿ ನಾಟ್ಯಶಾಲೆಯ ಹೊಕ್ಕ ಕೀಚಕನು
ಉಬ್ಬಿ ಹೂ ಗಂಧಗಳ ಪೂಸಿಕೊಂಡು
ಹುಬ್ಬು ಬಿಗಿದಿಹ ಭೀಮ ಸೆರಗ ಮರೆಯೊಳಗಿರಲು
ತಬ್ಬಿದನು ವೈರಿಯನು ನಲುಮೆಯಿಂದ

ಮಾತ್ರೆಲೆಕ್ಕ:
ಲೆಕ್ಕ ಸರಿ. ಹೂವನ್ನು ಪೂಸಿಕೊಳ್ಳುತ್ತಾರಾ? ಮುಡಿಯುತ್ತಾರೆ, ಅಲ್ವಾ?

ಚೌಕಿಮನೆ:
ಕೀಚಕ ಆ ಹೊತ್ತಿನಲ್ಲಿ ಏನನ್ನು ಎಲ್ಲಿಗೆ ಹಚ್ಚಿಕೊಂಡನೋ ಅವನಿಗೇ ಗೊತ್ತಿರಲಿಕ್ಕಿಲ್ಲ!

ನಿರ್ವಾಹಕಿ:
ಒಪ್ಪಿದೆ. ಇಲ್ಲಿ ನಲುಮೆ ನಿಜದ್ದು, ಕೆಟ್ಟದ್ದಾದರೂ ನಿಜದ್ದೇ. ವೈರಿಯೂ ನಿಜವಾದ ವೈರಿ. ಗೊತ್ತಿಲ್ಲದೆ ತಬ್ಬಿದ ಅಷ್ಟೇ. ನಾಟ್ಯಶಾಸ್ತ್ರದ ಆರನೇ ಅಧ್ಯಾಯದಲ್ಲಿ ಭರತ ಹೇಳುತ್ತಾನೆ, ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆ, ರೌದ್ರದಿಂದ ಕರುಣ ಹುಟ್ಟುತ್ತದೆ ಅಂತ. ಮೊದಲಿನ ಅರ್ಧಕ್ಕೆ ಈ ಕೀಚಕನೇ ಸಾಕ್ಷಿ. ಅವನು ಶೃಂಗಾರದಲ್ಲಿದ್ದಾನೆ, ನಾವು ನಗುತ್ತಿದ್ದೇವೆ. ಎರಡನೇ ಅರ್ಧಕ್ಕೆ ಪದ್ಯ ಯಾರ ಹತ್ತಿರ ಇದೆ?

ಗಾಂಧಿನಗರ:
ನನ್ನದು ಸಿನಿಮಾ. 1983ರ ‘ಭಕ್ತ ಪ್ರಹ್ಲಾದ’ ನೆನಪಿಸಿಕೊಳ್ಳಿ. ಹಿರಣ್ಯಕಶಿಪು ಡಾ. ರಾಜ್‌ಕುಮಾರ್, ಪ್ರಹ್ಲಾದ ಪುನೀತ್. ತೆರೆಯ ಮೇಲೆ ಮಗನನ್ನು ಕೊಲ್ಲಲು ಹೊರಟವನು ಮನೆಯಲ್ಲಿ ಅದೇ ಮಗನ ಅಪ್ಪ. ಸೆಟ್‌ನ ಮಾತು ನನ್ನ ಕಲ್ಪನೆ.

ಅಬ್ಬರದ ದನಿಯಲ್ಲಿ ಹರಿಯೆಲ್ಲಿ ತೋರೆಂದು
ಹುಬ್ಬು ಗಂಟಿಕ್ಕಿ ಗದೆ ಬೀಸಿದವನು
ನಿಬ್ಬೆರಗು ಜನಕೆ, ‘ಕಟ್’ ಎಂದೊಡನೆ ಹೆತ್ತಪ್ಪ
ತಬ್ಬಿದನು ವೈರಿಯನು ನಲುಮೆಯಿಂದ

ತಂಬೂರಿ:
ಆಹಾ! ‘ಹೆತ್ತಪ್ಪ’ ಬಂದ ಕೂಡಲೇ ಮೈ ಜುಂ ಅಂದಿತು.

ಹಳಗನ್ನಡದ ಹುಚ್ಚ:
ಚೆನ್ನಾಗಿದೆ, ಆದರೆ ‘ಕಟ್’ ಅಂದ ಮೇಲೆ ವೈರಿ ಎಲ್ಲಿದ್ದಾನೆ? ವೇಷ ಕಳಚಿತು, ಹಗೆಯೂ ಹೋಯಿತು. ಆಗ ತಬ್ಬಿದ್ದು ಮಗನನ್ನು.

ಗಾಂಧಿನಗರ:
ಸರ್, ಪ್ರೇಕ್ಷಕನ ಕಣ್ಣಲ್ಲಿ ಅವನು ಇನ್ನೂ ಹಿರಣ್ಯಕಶಿಪುವೇ. ಹಳ್ಳಿ ಟೆಂಟಿನಲ್ಲಿ ಖಳನಟರಿಗೆ ಹಾಕಿದ ಶಾಪಗಳನ್ನು ನೀವು ಕೇಳಿಲ್ಲ ಅನ್ನಿಸುತ್ತೆ. ವಜ್ರಮುನಿ ತೆರೆಗೆ ಬಂದರೆ ಸಾಕು, ಹೆಂಗಸರು ಲಟಿಕೆ ಮುರಿಯುತ್ತಿದ್ದರು. ಅದೇ ಜನಕ್ಕೆ ಅವರಿಲ್ಲದ ಸಿನಿಮಾ ಸಪ್ಪೆ ಅನ್ನಿಸುತ್ತಿತ್ತು. ಅಷ್ಟು ಚೆನ್ನಾಗಿ ಬೈಸಿಕೊಳ್ಳುವುದಕ್ಕೂ ಪ್ರೀತಿ ಗಳಿಸಿರಬೇಕು.

ತಂಬೂರಿ:
ಸಂಗೀತದವರ ಕಡೆಯಿಂದ ಒಂದು. ಸ್ವರಗಳಲ್ಲಿ ವಾದಿ ರಾಜ, ಸಂವಾದಿ ಮಂತ್ರಿ, ಅನುವಾದಿ ಸೇವಕ, ವಿವಾದಿ ಶತ್ರು ಎಂದು ಹಿಂದಿನವರು ಹೇಳಿದ್ದಾರೆ. ಹಾಗಾದರೆ ಶತ್ರುವನ್ನು ಹೊರಗಿಡಬೇಕಲ್ಲ? ಕರ್ನಾಟಕ ಸಂಗೀತದ 72 ಮೇಳಗಳಲ್ಲಿ, ಅಂದರೆ ಮೂಲರಾಗಗಳಲ್ಲಿ, 40 ವಿವಾದಿ ಸ್ವರ ಇರುವ ಮೇಳಗಳು! ಹೊರಗಿಟ್ಟರೆ ಉಳಿಯುವುದು ಅರ್ಧಕ್ಕಿಂತ ಕಡಿಮೆ.

ಅಬ್ಬ! ಷಟ್‌ಶ್ರುತಿ ರಿಷಭ ಗಾಂಧಾರಗಳ ಜಗಳ
ಇಬ್ಬರೂ ಮೈಗೆ ಮೈ ತಾಗಿ ನಿಂದು
ಹಬ್ಬವಾಗಿಸಿ ನಾಟರಾಗದಲಿ ಗಾಯಕನು
ತಬ್ಬಿದನು ವೈರಿಯನು ನಲುಮೆಯಿಂದ

ಚೌಕಿಮನೆ:
ಅಕ್ಕಾ, ನನಗೆ ಹಾಡು ಕೇಳಿ ಗೊತ್ತು, ಲೆಕ್ಕ ಗೊತ್ತಿಲ್ಲ. ಜಗಳ ಯಾಕೆ?

ತಂಬೂರಿ:
ಹಾರ್ಮೋನಿಯಂ ಮುಂದೆ ಕೂತರೆ ತಿಳಿಯುತ್ತದೆ. ಷಟ್‌ಶ್ರುತಿ ರಿಷಭ, ಅಂದರೆ ಎಲ್ಲಕ್ಕಿಂತ ಮೇಲಿನ ‘ರಿ’, ಇರುವುದು ಸಾಧಾರಣ ಗಾಂಧಾರದ ಮನೆಯಲ್ಲಿ. ಪಕ್ಕದ ಮನೆಯೇ ಅಂತರ ಗಾಂಧಾರ. ನಡುವೆ ಜಾಗವೇ ಇಲ್ಲ. ಸುಮ್ನೆ ಎರಡನ್ನೂ ಉದ್ದಕ್ಕೆ ಹಿಡಿದರೆ ಕಿವಿಗೆ ಚುಚ್ಚುತ್ತದೆ. ಅದಕ್ಕೇ ನಾಟದಲ್ಲಿ ರಿಷಭಕ್ಕೆ ಗಮಕ ಕೊಟ್ಟು, ತೂಗಿ ಹಾಡುತ್ತಾರೆ. ಅದೇ ತಬ್ಬುವುದು. ಚುಚ್ಚುವ ಗುಣ ಹೋಗುವುದಿಲ್ಲ, ಅದೇ ರಾಗದ ಕಳೆಯಾಗುತ್ತದೆ. ಕಚೇರಿಯ ಶುರುವಿಗೇ ನಾಟ ಹಾಡಿ ಸಭೆ ಎಬ್ಬಿಸುವುದು ಮತ್ತೆ ಯಾಕೆ?

ನಿರ್ವಾಹಕಿ:
‘ಚುಚ್ಚುವ ಗುಣ ಹೋಗುವುದಿಲ್ಲ’ ಅಂದಿರಲ್ಲ, ಅಲ್ಲಿ ಹಿಡಿದಿರಿ. ಇಲ್ಲಿಯವರೆಗಿನ ಪೂರಣಗಳಲ್ಲಿ ಇದೇ ಮುಂದಿದೆ.

ಹಳಗನ್ನಡದ ಹುಚ್ಚ:
ಹಾಗಾದರೆ ರನ್ನನನ್ನು ಕರೆಯದೆ ಆಗುವುದಿಲ್ಲ. ಗದಾಯುದ್ಧದಲ್ಲಿ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆಯುತ್ತಾ ಅಭಿಮನ್ಯುವಿನ ಶವ ಕಾಣುತ್ತಾನೆ. ಅವನು ಪಾಂಡವರ ಮಗ. ತನ್ನ ಮಗ ಲಕ್ಷಣಕುಮಾರನನ್ನು ಕೊಂದವನು. ಆದರೂ ಅವನ ಸಾಹಸವನ್ನು ಹೊಗಳಿ, ಅದರ ಒಂದು ಪಾಲಿನಷ್ಟು ಒಳ್ಳೆಯ ಸಾವು ತನಗೂ ಬರಲಿ ಎಂದು ಕೇಳಿಕೊಳ್ಳುತ್ತಾನೆ.

ದಿಬ್ಬದಂತಿಹ ಹೆಣಗಳೆಡೆಯೊಳಭಿಮನ್ಯುವನು
ಉಬ್ಬೆಗದಿ ಕೌರವನು ಕಂಡು ನಿಂತು
ಕೊಬ್ಬೆಲ್ಲ ಕರಗಿ ಕೈಮುಗಿದು ಮನದೊಳಗೆಯೇ
ತಬ್ಬಿದನು ವೈರಿಯನು ನಲುಮೆಯಿಂದ

ಗಾಂಧಿನಗರ:
ಈಗ ನನ್ನ ಸರದಿ ಸರ್! ಕೊಬ್ಬೆಲ್ಲಿ ಕರಗಿತು? ಅಲ್ಲಿಂದ ಎದ್ದು ಹೋಗಿ ಸಂಧಿ ಮಾಡಿಕೊಂಡನಾ? ಭೀಷ್ಮರು ಹೇಳಿದರೂ ಒಪ್ಪಲಿಲ್ಲ. ಕೊನೆಗೆ ಭೀಮನ ಜೊತೆ ಗದೆ ಹಿಡಿದೇ ಹೊಡೆದಾಡಿದ.

ಹಳಗನ್ನಡದ ಹುಚ್ಚ:
ತಗೊಳ್ಳಿ, ಮೂರನೇ ಸಾಲು ಹೀಗಿರಲಿ:

ಕೊಬ್ಬು ಕರಗದೆಯೆ ಕೈಮುಗಿದು ಮನದೊಳಗೆಯೇ

ಮಾತ್ರೆಲೆಕ್ಕ:
ಕೊಬ್ಬುಕರ, ಗದೆಯೆಕೈ, ಮುಗಿದುಮನ, ದೊಳಗೆಯೇ. ನಾಲ್ಕೂ ಐದೈದು. ಸರಿಹೋಯಿತು. ‘ಗದೆಯೆ ಕೈ’ ಎಂದು ಒಡೆದು ಓದಿದರೆ ಅವನ ಗದೆಯೂ ಅಲ್ಲೇ ಕಾಣಿಸುತ್ತದೆ!

ಹಳಗನ್ನಡದ ಹುಚ್ಚ:
ಅದು ನಾನು ಇಟ್ಟಿದ್ದಲ್ಲ, ತಾನೇ ಬಂದದ್ದು. ಆದರೆ ಬಿಟ್ಟುಕೊಡುವುದಿಲ್ಲ.

ನಿರ್ವಾಹಕಿ:
ಈ ವಾರದ ಮೊದಲ ಸ್ಥಾನ ಈ ಪದ್ಯಕ್ಕೆ, ಗಾಂಧಿನಗರದವರ ತಕರಾರಿಗೂ ಅರ್ಧ ಪಾಲು. ‘ಕರಗಿ’ ಇದ್ದಾಗ ಅದೊಂದು ಮನಪರಿವರ್ತನೆಯ ಕಥೆ, ಎಷ್ಟೋ ಸಲ ನೋಡಿದ್ದು. ‘ಕರಗದೆಯೆ’ ಆದಾಗ ರನ್ನನ ದುರ್ಯೋಧನ ಬಂದ. ರೌದ್ರ ಇದ್ದ ಹಾಗೇ ಕರುಣ ಹುಟ್ಟಿತು. ತಂಬೂರಿಯವರದು ಎರಡನೆಯದು. ಅದನ್ನು ನಾಟದಲ್ಲೇ ಹಾಡಿ ಕಳಿಸಿದರೆ ತೀರ್ಪು ಬದಲಾಗಲೂಬಹುದು, ಲಂಚ ಎಂದುಕೊಳ್ಳಬೇಡಿ.

ಮುಂದಿನ ಸಮಸ್ಯೆ, ಅದೇ ಛಂದಸ್ಸು, ಪ್ರಾಸ ‘ಲ್ಲ’:

ಕಲ್ಲಿಗೂ ಕಣ್ಣೀರು ಬಂತು ನಗುತ

ಬೇಲೂರು, ಹಳೇಬೀಡಿನ ಶಿಲಾಬಾಲಿಕೆಯರನ್ನು ಒಬ್ಬರಿಗಿಂತ ಜಾಸ್ತಿ ಜನ ತರಬೇಡಿ.