ಹಿಮೆನೆಸ್ ಅವರ ‘ಎಲ್ ರೇ’ ಹಾಡಿಗೆ ತಬಲಾ ಹೇಗೆ ಹಾಕೋದು?

ಹೇಮಾವತಿ_ದಂಡೆ: ಹಾಸನಾಂಬ ಕಲಾಕ್ಷೇತ್ರದಲ್ಲಿ ಸುಗಮ ಸಂಗೀತ ಕಾರ್ಯಕ್ರಮ. ನಡುವೆ ಮೆಕ್ಸಿಕೋದ ಹೊಸೆ ಆಲ್ಫ್ರೆದೊ ಹಿಮೆನೆಸ್ ಅವರ ‘ಎಲ್ ರೇ’ (ಅಂದ್ರೆ ‘ರಾಜ’) ಹಾಡೋ ಯೋಚನೆ. ಇರೋದು ಹಾರ್ಮೋನಿಯಂ, ತಬಲಾ, ಒಂದು ಗಿಟಾರ್. ದಾದ್ರಾ (ಮೂರು ಮೂರರ ಆರು ಮಾತ್ರೆ ತಾಳ) ಹಾಕಿದ್ರೆ ಗಜಲ್ ಥರ ಕೇಳ್ತಿದೆ. ನಿರೂಪಣೆಗೆ ಕವಿ ಬಗ್ಗೆಯೂ ನಾಲ್ಕು ಮಾತು ಬೇಕು.

ಮೂರು_ಮಾತ್ರೆ: ಮೂರರ ನಡೆ ಸರಿಯಾಗೇ ಇದೆ, ತೊಂದರೆ ಇರೋದು ತುಂಬಿಸೋದ್ರಲ್ಲಿ. ಇಂಥ ಹಾಡಿಗೆ ನುಡಿಸೋ ಮೆಕ್ಸಿಕೋದ ಮರಿಯಾಚಿ ಮೇಳದಲ್ಲಿ ಗಿಟಾರ್ರೋನ್ ಅನ್ನೋ ಡೊಳ್ಳುಹೊಟ್ಟೆಯ ಆರು ತಂತಿ ವಾದ್ಯ ಒಂದನೇ ಮಾತ್ರೆ ಹಿಡಿಯುತ್ತೆ; ಎರಡು, ಮೂರಕ್ಕೆ ಐದು ತಂತಿಯ ವಿಹುವೆಲಾ ಮೀಟು. ಹಾಗಾಗಿ ಒಂದಕ್ಕೆ ಬಾಯಾ (ಎಡಗೈ ತಬಲಾ) ಮೇಲೆ ಒಂದೇ ಏಟು, ಆಮೇಲೆ ದಾಯಾದಲ್ಲಿ (ಬಲಗೈಯದ್ದು) ‘ನಾ ನಾ’, ಮೆತ್ತಗೆ. ದಾದ್ರಾದ ಖಾಲಿ ಭಾಗ (ಎರಡನೇ ಮೂರು ಮಾತ್ರೆ) ಬಿಟ್ಟುಬಿಡಿ: ಅಲ್ಲಿ ಬಾಯಾ ಇಳಿದುಹೋಗಿ ಹೆಜ್ಜೆ ಕುಂಟುತ್ತೆ. ಬಾಯಾ ಒತ್ತಿ ಗಮಕ, ಲಗ್ಗಿ (ನಡುವೆ ತುಂಬೋ ವೇಗದ ಬೋಲುಗಳು) ಎರಡೂ ಬೇಡ, ಗಜಲ್ ವಾಸನೆ ಬರೋದು ಅಲ್ಲಿಂದಲೇ. ಗಿಟಾರ್‌ನಲ್ಲಿ ಒಂದಕ್ಕೆ ದಪ್ಪ ತಂತಿ, ಎರಡು-ಮೂರಕ್ಕೆ ಸಣ್ಣ ತಂತಿಗಳನ್ನ ಮೀಟಿ ಕೂಡಲೇ ಅಂಗೈಯಿಂದ ಅದುಮಿ.

ಹಾರ್ಮೋನಿಯಂನವರಿಗೆ ಕಷ್ಟ ಜಾಸ್ತಿ. ಹಾಡುವವರ ಹಿಂದೆ ನೆರಳಿನ ಹಾಗೆ ಹೋಗೋದು ನಮ್ಮ ರೂಢಿ. ಇಲ್ಲಿ ಸಾಲು ಮುಗಿಯೋವರೆಗೂ ಬೆರಳು ಎತ್ತಿರಬೇಕು. ಮರಿಯಾಚಿಯಲ್ಲಿ ಟ್ರಂಪೆಟ್, ಪಿಟೀಲು ಉತ್ತರ ಕೊಡೋದು ಸಾಲುಗಳ ನಡುವಿನ ಸಂದಿನಲ್ಲಿ; ಹಾರ್ಮೋನಿಯಂ ಆ ಜಾಗ ತುಂಬಲಿ.

ಕಾಫಿಸೀಮೆ_ಕೇಳುಗ: ನಿರೂಪಣೆಗೆ: ಹಿಮೆನೆಸ್ ಹುಟ್ಟಿದ್ದು 1926 ಜನವರಿ 19, ಗ್ವಾನಾಹ್ವಾತೊ ರಾಜ್ಯದ ದೊಲೊರೆಸ್ ಇದಾಲ್ಗೊದಲ್ಲಿ, ತೀರಿಕೊಂಡಿದ್ದು 1973 ನವೆಂಬರ್ 23, ಮೆಕ್ಸಿಕೋ ಸಿಟಿಯಲ್ಲಿ. ಹೋಟೆಲಲ್ಲಿ ಸಪ್ಲೈಯರ್ ಆಗಿದ್ದರು, ಫುಟ್‌ಬಾಲ್ ಗೋಲ್‌ಕೀಪರ್ ಕೂಡ ಹೌದು. ವಾದ್ಯ ಒಂದೂ ನುಡಿಸಲು ಬರುತ್ತಿರಲಿಲ್ಲ. ಭಾವಗೀತೆಯಲ್ಲಿ ಕವಿ ಒಬ್ಬರು, ರಾಗ ಹಾಕೋರು ಇನ್ನೊಬ್ಬರು. ಇವರದ್ದು ಪದ, ಧಾಟಿ ಎರಡೂ ಒಟ್ಟಿಗೇ ಬಾಯಿಂದ ಬಂದದ್ದು. ಇವರು ಹಾಡಿ ತೋರಿಸಿದ್ದಕ್ಕೆ ರುಬೆನ್ ಫುಯೆಂತೆಸ್ ಅವರಂಥವರು ವಾದ್ಯ ಸಂಯೋಜನೆ ಮಾಡಿದರು. ಊರಿನ ಸ್ಮಶಾನದಲ್ಲಿ ಇವರ ಸಮಾಧಿಯೇ ಒಂದು ದೊಡ್ಡ ಸೊಂಬ್ರೆರೊ ಟೋಪಿ, ಪಕ್ಕದಲ್ಲಿ ಬಣ್ಣಬಣ್ಣದ ಮೊಸಾಯಿಕ್ ಕಂಬಳಿ.

‘ರಾಜನ ಹಾಡು’ ಅಂತ ಠೀವಿಯಿಂದ ಪರಿಚಯಿಸಬೇಡಿ ಮಾರಾಯ್ರೆ. ಸಿಂಹಾಸನವೂ ಇಲ್ಲ, ರಾಣಿಯೂ ಇಲ್ಲ, ಆದರೂ ನಾನೇ ರಾಜ ಅಂತಾನೆ ಅವನು. ಕೈಬಿಟ್ಟುಹೋದವಳ ಮುಂದೆ ಬಿಡೋ ಜಂಬ ಅದು. ದನಿ ದೊಡ್ಡದಿರಲಿ, ಒಳಗೆ ಬಿರುಕು ಕೇಳಿಸಲಿ.

ಹೇಮಾವತಿ_ದಂಡೆ: ಮರಿಯಾಚಿಯವರ ಆ ‘ಆಯ್ ಯಾಯ್’ ಕೂಗು? ಮುಕ್ತಾಯಕ್ಕೆ ತಿಹಾಯಿ (ಮೂರು ಸಲ ಬಾರಿಸೋ ಮುಕ್ತಾಯ)?

ಮೂರು_ಮಾತ್ರೆ: ಕೂಗು ವಾದ್ಯದ ಸರದಿಯಲ್ಲಿ ಮಾತ್ರ, ಪದದ ಮೇಲೆ ಬೀಳಬಾರದು. ತಿಹಾಯಿ ಖಂಡಿತ ಬೇಡ. ಕೊನೇ ಸ್ವರ ಎಳೆದು ಬಿಟ್ಟ ಮೇಲೆ ಪಂಚಮದ ಕಾರ್ಡ್, ಷಡ್ಜದ ಕಾರ್ಡ್, ಎರಡೇ ಗಿಡ್ಡ ಹೊಡೆತ. ಮೂವರೂ ಒಟ್ಟಿಗೇ ಬೀಳಬೇಕು, ಅದನ್ನ ಬೇರೆಯಾಗೇ ಪ್ರಾಕ್ಟೀಸ್ ಮಾಡಿ.