ಒಂದೇ ಜೋಡಿ ಬೂಟು ವರ್ಷವಿಡೀ ಸಾಲುತ್ತದಾ?

ತಿಂಗಳಿಗೆ ಎರಡು ಸಲವಾದರೂ ಬೆಟ್ಟ, ಕಾಡುದಾರಿ ಅಂತ ಹತ್ತು ಹದಿನೈದು ಕಿಲೋಮೀಟರ್ ನಡೆಯುವ ಹುಚ್ಚು ಹತ್ತಿದೆ. ಇಷ್ಟು ದಿನ ಓಡುವ ಶೂನಲ್ಲೇ ಕಾಲ ತಳ್ಳಿದೆ. ಈಗ ಬೂಟು ತಗೊಳ್ಳೋಣ ಅಂತಿದ್ದೇನೆ. ಮಳೆ, ಬಿಸಿಲು, ಚಳಿ ಮೂರಕ್ಕೂ ಒಂದೇ ಜೋಡಿ ಸಾಕಾ? ವಾಟರ್‌ಪ್ರೂಫ್ ಅಂದರೆ ದುಡ್ಡು ಜಾಸ್ತಿ ಕೇಳುತ್ತಾರೆ, ಕೊಡಬಹುದಾ? ಕಾಲಿನ ಹರಡು ಮುಚ್ಚುವಷ್ಟು ಎತ್ತರದ್ದೇ ಬೇಕಾ? ಹಾಕಿ ನಡೆದವರು ಹೇಳಿ.

* * *

ಒಂದು ಸಾಲಲ್ಲ, ಮೂರು ಬೇಡ. ನನ್ನ ಹತ್ತಿರ ಎರಡಿವೆ. ಅದರಲ್ಲಿ ಮೊದಲನೆಯದನ್ನು ಕೊಂಡಿದ್ದು "ನೀರು ಒಂದು ಹನಿ ಒಳಗೆ ಬರಲ್ಲ" ಎಂಬ ಮಾತು ನಂಬಿ. ಮಾತು ಸುಳ್ಳೇನಲ್ಲ. ಆದರೆ ಒಂದು ತೊರೆ ದಾಟುವಾಗ ನೀರು ಮೊಣಕಾಲು ಮುಟ್ಟಿತು, ಬೂಟಿನ ಬಾಯಿಂದಲೇ ಒಳಗಿಳಿಯಿತು. ಹೊರಗಿನ ನೀರನ್ನು ತಡೆಯುವ ಪದರ ಒಳಗಿನದನ್ನೂ ಅಷ್ಟೇ ನಿಷ್ಠೆಯಿಂದ ತಡೆಯುತ್ತದೆ! ಉಳಿದ ಆರು ಕಿಲೋಮೀಟರ್ ಪಚಪಚ ಅಂತ ನಡೆದೆ. ಕಳಚಿ ಬಗ್ಗಿಸಿದರೆ ಒಂದೊಂದರಿಂದ ಅರ್ಧ ಲೋಟ ನೀರು ಸುರಿಯಿತು. ಹಿಮ್ಮಡಿ ಬೆಳ್ಳಗೆ ನೆರಿಗೆ ಬಿದ್ದು, ಚರ್ಮ ಕೈಗೇ ಬರುವ ಹಾಗಿತ್ತು. ಬೂಟು ಒಣಗಲು ಮೂರು ದಿನ. ಜಾಲರಿ ಬಟ್ಟೆಯ ಸಾದಾ ಶೂ ಹಾಕಿದ್ದ ಗೆಳೆಯನ ಕಾಲೂ ಅದೇ ತೊರೆಯಲ್ಲಿ ಒದ್ದೆಯಾಗಿತ್ತು. ನಡೆಯುತ್ತ ನಡೆಯುತ್ತ ಒಂದು ಗಂಟೆಯಲ್ಲಿ ಅವನದು ಒಣಗಿಯೇ ಹೋಯಿತು.

ಆ ಪದರ ಏನು ಅಂತ ತಿಳಿದರೆ ಯಾವಾಗ ಬೇಕು, ಯಾವಾಗ ಬೇಡ ಅನ್ನುವುದು ತಾನೇ ಗೊತ್ತಾಗುತ್ತದೆ. 1969 ರಲ್ಲಿ ಅಮೆರಿಕದ ಎಂಜಿನಿಯರ್ ಬಾಬ್ ಗೋರ್, ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ಕನ್ನು ಕಾಯಿಸಿ ಸರ್ರನೆ ಎಳೆದಾಗ ಅದು ಹರಿಯದೆ ಹಿಗ್ಗಿತು, ಒಳಗೆಲ್ಲ ಕಣ್ಣಿಗೆ ಕಾಣದ ತೂತುಗಳಾದವು. ಗೋರ್-ಟೆಕ್ಸ್ ಎಂಬ ಪದರ ಹುಟ್ಟಿದ್ದು ಹಾಗೆ. ನೀರಿನ ಹನಿ ಆ ತೂತಿನಲ್ಲಿ ಹಿಡಿಸದು, ಬೆವರಿನ ಆವಿ ನುಸುಳುತ್ತದೆ. ಆದರೆ ಆವಿ ಹೊರಗೆ ಹೋಗಬೇಕಾದರೆ ಒಳಗಿಗಿಂತ ಹೊರಗೆ ತಂಪೂ ಒಣವೂ ಇರಬೇಕು. ಸೆಖೆಯ ದಿನ, ಹೊರಗೇ ಗಾಳಿ ತೇವದಿಂದ ತುಂಬಿರುವಾಗ, ಬೆವರು ಎಲ್ಲಿಗೆ ಹೋಗುತ್ತದೆ? ಬೂಟಿನಲ್ಲೇ ಕೂರುತ್ತದೆ. ಮೇಲಿನ ಬಟ್ಟೆ ಪೂರ್ತಿ ನೆನೆದರೂ ಅದೇ ಕತೆ. ಹಾಗಾಗಿ ಸೆಖೆಯ ಮಳೆಗೆ, ಹಳ್ಳ ದಾಟುವ ದಾರಿಗೆ ನಾನು ಜಾಲರಿ ಶೂ ಹಾಕುತ್ತೇನೆ. ಚಳಿಯ ಮಳೆ, ಇಬ್ಬನಿ ಹುಲ್ಲು, ಕರಗುವ ಹಿಮ ಇದ್ದರೆ ಆ ಪದರದ ಬೂಟು.

* * *

ಮೇಲಿನವರು ಹೇಳಿದ್ದು ನಿಜ. ಆದರೆ ಚಳಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿಯಲ್ಲ. ಸೊನ್ನೆ ಡಿಗ್ರಿ ಹತ್ತಿರ ಕಾಲು ಒದ್ದೆಯಾದರೆ ಅದು ಕಿರಿಕಿರಿಯಲ್ಲ, ಅಪಾಯ. ಅಲ್ಲಿ "ಬೇಗ ಒಣಗುತ್ತದೆ" ಅನ್ನುವ ಲೆಕ್ಕ ನಡೆಯದು.

ನನ್ನ ದಡ್ಡತನವೂ ಒಂದು ಕೇಳಿ. ಬೇಸಿಗೆಯ ಬೂಟಿಗೇ ಎರಡು ಜೊತೆ ದಪ್ಪ ಕಾಲುಚೀಲ ತುರುಕಿ ಹಿಮದ ದಾರಿಗೆ ಹೋಗಿದ್ದೆ. ಒಂದು ಗಂಟೆಯಲ್ಲಿ ಬೆರಳುಗಳು ಇವೆಯೋ ಇಲ್ಲವೋ ತಿಳಿಯದಾಯಿತು. ಬಿಗಿಯಾದ ಬೂಟಿನಲ್ಲಿ ರಕ್ತ ಓಡುವುದಿಲ್ಲ, ಬೆಚ್ಚಗಿಡುವ ಗಾಳಿಗೂ ಜಾಗವಿಲ್ಲ. ಒಂದು ಕಾಲುಚೀಲ ಬಿಚ್ಚಿ ಚೀಲಕ್ಕೆ ಹಾಕಿದ ಮೇಲೇ ಕಾಲಿಗೆ ಜೀವ ಬಂತು. ಚಳಿಯ ಬೂಟು ಕೊಳ್ಳುವಾಗ ಚಳಿಯ ಕಾಲುಚೀಲ ಹಾಕಿಕೊಂಡೇ ಅಂಗಡಿಗೆ ಹೋಗಿ. ಉಣ್ಣೆಯದಿರಲಿ, ಹತ್ತಿಯದು ಬೇಡವೇ ಬೇಡ. ಹತ್ತಿ ನೀರು ಕುಡಿದರೆ ಬಿಡುವುದಿಲ್ಲ.

* * *

ಎಲ್ಲರೂ ಬಟ್ಟೆ, ಪದರ ಅಂತ ಮಾತಾಡುತ್ತಿದ್ದೀರಿ. ಅಳತೆ ತಪ್ಪಿದರೆ ಯಾವ ಪದರವೂ ಕಾಪಾಡುವುದಿಲ್ಲ. ಹತ್ತುವಾಗ ಎಲ್ಲ ಬೂಟೂ ಚೆನ್ನಾಗಿಯೇ ಇರುತ್ತದೆ, ಬಣ್ಣ ಬಯಲಾಗುವುದು ಇಳಿಯುವಾಗ. ಎರಡು ಗಂಟೆಯ ಒಂದು ಇಳಿಜಾರಿನಲ್ಲಿ ಹೆಬ್ಬೆರಳು ಪ್ರತಿ ಹೆಜ್ಜೆಗೂ ಬೂಟಿನ ಮೂತಿಗೆ ಗುದ್ದಿ, ರಾತ್ರಿಯ ಹೊತ್ತಿಗೆ ಉಗುರು ನೇರಳೆ, ಮಾರನೆಯ ದಿನ ಕಪ್ಪು. ಎರಡು ತಿಂಗಳ ಮೇಲೆ ಕಳಚಿ ಬಿತ್ತು.

ಆಮೇಲೆ ಕಲಿತದ್ದು: ಕಾಲು ದಿನವಿಡೀ ಊದುತ್ತದೆ, ಬೆಳಗ್ಗೆ ಸರಿಹೋದದ್ದು ಸಂಜೆ ಬಿಗಿ. ಸಂಜೆ ಹೊತ್ತು ಹೋಗಿ. ಬೂಟಿನ ಒಳಹಾಸು ಎಳೆದು ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಉಳಿಯಬೇಕು, ಪಕ್ಕಕ್ಕೆ ಕಾಲು ಹೊರಚೆಲ್ಲಬಾರದು. ಬೂಟು ಹಾಕಿ ಲೇಸು ಕಟ್ಟಿ ಮೂತಿಯನ್ನು ನೆಲಕ್ಕೆ ಕುಟ್ಟಿ ನೋಡಿ. ಬೆರಳು ತಾಗಿದರೆ ಬಿಟ್ಟುಬಿಡಿ, "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸರ್" ಅನ್ನುವ ಮಾತು ಅಗಲಕ್ಕೆ ಸ್ವಲ್ಪ ನಿಜ, ಉದ್ದಕ್ಕೆ ಅಲ್ಲ. ಇಂಗ್ಲೆಂಡಿನ ಅಳತೆಯಲ್ಲಿ ಒಂದು ನಂಬರಿಗೆ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸ, ಯೂರೋಪಿನದರಲ್ಲಿ 6.7. ಹೀಗಾಗಿ ಅರ್ಧ ನಂಬರಿಗೂ ಬೆಲೆಯಿದೆ.

* * *

ಎತ್ತರದ್ದೇ ಬೇಕಾ ಅಂತ ಕೇಳಿದಿರಿ. ಬೆನ್ನ ಮೇಲೆ ಭಾರ ಇದ್ದರೆ, ಸಡಿಲ ಕಲ್ಲಿನ ದಾರಿಯಾದರೆ ಹೌದು. ದಿನದ ನಡಿಗೆಗೆ ನಾನು ಗಿಡ್ಡದ್ದೇ ಹಾಕುತ್ತೇನೆ. ಕಾಲಿಗೆ ತಲಾ 200 ಗ್ರಾಂ ಹೆಚ್ಚು ಅಂದುಕೊಳ್ಳಿ, ಗಂಟೆಗೆ ಆರು ಸಾವಿರ ಹೆಜ್ಜೆ ಅಂದರೂ 1,200 ಕಿಲೋ ಸುಮ್ಮನೆ ಎತ್ತಿದ ಲೆಕ್ಕ. 1955 ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ ಅಮೆರಿಕದ ಅಪಲೇಚಿಯನ್ ಹಾದಿಯ 3,300 ಕಿಲೋಮೀಟರ್‌ಗಳನ್ನು ಕ್ಯಾನ್ವಾಸ್ ಶೂನಲ್ಲಿ ಒಬ್ಬಳೇ ನಡೆದು ಮುಗಿಸಿದಳು, ಹೆಗಲಲ್ಲಿ ತಾನೇ ಹೊಲಿದ ಒಂದು ಚೀಲ. ನೀವೂ ಹಾಗೇ ಮಾಡಿ ಅನ್ನುತ್ತಿಲ್ಲ!

* * *

ಯಾರೂ ಹೇಳದ ಒಂದು ಮಾತು. ಬೂಟು ಇಟ್ಟರೂ ಸಾಯುತ್ತದೆ. ಏಳು ವರ್ಷ ಡಬ್ಬದಲ್ಲಿ ಹೊಸದರ ಹಾಗೇ ಇದ್ದ ಜೋಡಿಯನ್ನು ಹಾಕಿ ಹೋದೆ. ನಾಲ್ಕನೇ ಕಿಲೋಮೀಟರಿಗೆ ಒಂದು ಅಟ್ಟೆ ನಾಲಗೆಯ ಹಾಗೆ ಜೋತುಬಿತ್ತು, ಒಳಗಿನ ಪದರ ಒಣಗಿದ ರೊಟ್ಟಿಯಂತೆ ಪುಡಿಪುಡಿ. ಲೇಸು ಬಿಚ್ಚಿ ಅಟ್ಟೆ ಕಟ್ಟಿಕೊಂಡು ವಾಪಸ್ ಬಂದೆ. ಅಟ್ಟೆಯ ನಡುವಿನ ಪಾಲಿಯುರೆಥೇನ್ ಎಂಬ ಮೆತ್ತನೆಯ ಪ್ಲಾಸ್ಟಿಕ್ ಗಾಳಿಯ ತೇವಕ್ಕೇ ನಿಧಾನವಾಗಿ ಒಡೆಯುತ್ತದಂತೆ. ರಿಯಾಯಿತಿಯಲ್ಲಿ ಹಳೇ ದಾಸ್ತಾನು ಕೊಳ್ಳುವವರು ಯಾವಾಗ ತಯಾರಾದದ್ದು ಅಂತ ಕೇಳಿ. ನೆನೆದ ಬೂಟನ್ನು ಬೆಂಕಿಯ ಹತ್ತಿರ ಇಡಬೇಡಿ, ಅಂಟು ಬಿಡುತ್ತದೆ, ತೊಗಲು ಬಿರಿಯುತ್ತದೆ. ಪೇಪರ್ ತುರುಕಿ ನೆರಳಲ್ಲಿಡಿ. ಮತ್ತೆ, ಪಾಚಿ ಕಟ್ಟಿದ ಒದ್ದೆ ಬಂಡೆಯ ಮೇಲೆ ಯಾವ ಅಟ್ಟೆಯನ್ನೂ ನಂಬಬೇಡಿ.

* * *

ಕೇಳಿದವನು ನಾನೇ, ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಕಾಗದದ ಮೇಲೆ ನಿಂತು ಗೆರೆ ಎಳೆದೆ. ಎಡಗಾಲು ಬಲಗಾಲಿಗಿಂತ ನಾಲ್ಕು ಮಿಲಿಮೀಟರ್ ಉದ್ದ! ಇಷ್ಟು ವರ್ಷ ಬಲಗಾಲಿನ ಲೆಕ್ಕದಲ್ಲಿ ಶೂ ಹಾಕುತ್ತಿದ್ದೆ. ಸದ್ಯಕ್ಕೆ ಜಾಲರಿಯ ಗಿಡ್ಡ ಶೂ, ಚಳಿ ಶುರುವಾದ ಮೇಲೆ ಪದರದ್ದು. ಹೊಸದನ್ನು ನೇರ ಬೆಟ್ಟಕ್ಕೆ ಹಾಕಿಕೊಂಡು ಹೋಗಬಹುದಾ?

* * *

ಬೇಡ. ದೊಡ್ಡ ಕಾಲಿನ ಲೆಕ್ಕದಲ್ಲೇ ಕೊಳ್ಳಿ, ಒಂದು ವಾರ ಮನೆಯೊಳಗೇ ಹಾಕಿಕೊಂಡು ಮೆಟ್ಟಿಲು ಹತ್ತಿ ಇಳಿಯಿರಿ. ಎಲ್ಲಾದರೂ ಬಿಸಿ ಅನ್ನಿಸಿದರೆ ಗುಳ್ಳೆ ಏಳುವ ಮೊದಲೇ ಅಲ್ಲಿ ಟೇಪ್ ಅಂಟಿಸಿ. ಬಿಲ್ಲು ಬಿಸಾಡಬೇಡಿ, ಅಟ್ಟೆಗೆ ಮಣ್ಣು ಹತ್ತದಿದ್ದರೆ ಬದಲಿಸಿಕೊಡುವ ಅಂಗಡಿಯವರೂ ಇದ್ದಾರೆ.